ಪಕ್ಕದ್ಮನೆಯವರು ಗನ್ ಪೆಟ್ಟಿಗೆಯ ಬೀಗದ ಕೈ ನನ್ನ ಕೈಗೆ ಕೊಟ್ಟು ಹೋದ್ರು. ಗಂಡಸ್ತನ, ಗನ್ನು, ಸಾವು ಬಗ್ಗೆ ಸ್ವಲ್ಪ ಮಾತಾಡೋಣ

ಕೆರೆದಂಡೆ:
ಎಲ್ರಿಗೂ ನಮಸ್ಕಾರ. ಉದ್ದ ಆಗತ್ತೆ, ಪುರುಸೊತ್ತಾದಾಗ ಓದಿ. ನಾನು ಅಮೆರಿಕದ ಕೊಲರಾಡೋದಲ್ಲಿ ಒಂಬತ್ತು ವರ್ಷದಿಂದ ಇದೀನಿ. ಪಕ್ಕದ್ಮನೇಲಿ ಒಬ್ರು ಹಿರಿಯರಿದಾರೆ, ವಯಸ್ಸು ಎಪ್ಪತ್ತರ ಹತ್ರ ಇರಬೋದು, ಹಿಮ ಬಿದ್ದ ಬೆಳಗ್ಗೆ ಕೇಳದೇನೇ ನಮ್ಮನೆ ಮುಂದಿಂದೂ ತಳ್ಳಿ ಹೋಗೋ ಅಂಥ ಮನುಷ್ಯ. ಪ್ರತಿ ವರ್ಷ ಎಲ್ಕ್ ಬೇಟೆಗೆ ಹೋಗೋರು. ಹೆಂಡತಿ ತೀರಿಕೊಂಡು ಎಂಟು ತಿಂಗಳಾಯ್ತು. ಹೋದ ಭಾನುವಾರ ಸಂಜೆ ಬಾಗಿಲು ತಟ್ಟಿದ್ರು. ಒಳಗೆ ಬನ್ನಿ ಅಂದ್ರೆ ಬರಲಿಲ್ಲ. ಒಂದು ಬೀಗದ ಕೈ, ಅದನ್ನ ಸಣ್ಣ ರಟ್ಟಿನ ಚೂರಿಗೆ ಟೇಪ್ ಹಾಕಿ ಅಂಟಿಸಿದ್ರು, ಅದನ್ನ ನನ್ನ ಅಂಗೈಲಿಟ್ಟು "ಇದು ಗನ್ ಪೆಟ್ಟಿಗೇದು, ಸ್ವಲ್ಪ ದಿನ ನಿನ್ನ ಹತ್ರ ಇರಲಿ, ನಾನು ಬಂದು ಕೇಳಿದ್ರೂ ತಕ್ಷಣ ಕೊಡಬೇಡ, ಮೊದಲು ಕೂರಿಸಿ ಕಾಫಿ ಕೊಡು" ಅಂದ್ರು. ಇಷ್ಟು ಹೇಳೋವಾಗ ನನ್ನ ಮುಖ ನೋಡಲಿಲ್ಲ, ಬಾಗಿಲ ಮೇಲಿನ ಲೈಟ್ ನೋಡ್ತಿದ್ರು. ನಾನು "ಆಯ್ತು" ಅಂದೆ. ಅಷ್ಟೇ ಅಂದಿದ್ದು. ಯಾಕೆ, ಏನು, ಹೇಗಿದೀರಾ, ಒಂದೂ ಕೇಳಲಿಲ್ಲ. ಬಾಗಿಲು ಹಾಕಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ನಿಂತಿದ್ದೆ.

ಆಮೇಲೆ ರಾತ್ರಿಯೆಲ್ಲ ಓದ್ತಾ ಕೂತೆ. 2022ರಲ್ಲಿ ಅಮೆರಿಕದಲ್ಲಿ ಗನ್ನಿಂದ ಸತ್ತೋರು 48,204 ಜನ. ಅದರಲ್ಲಿ 27,032 ಆತ್ಮಹತ್ಯೆ. ಅಂದ್ರೆ ಅರ್ಧಕ್ಕಿಂತ ಜಾಸ್ತಿ. ಹೀಗೆ ಗನ್ನಿಂದ ಜೀವ ತೆಗೆದುಕೊಳ್ಳೋರಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಗಂಡಸರು. ಟೀವಿ ನೋಡಿದ್ರೆ ಶಾಲೆಗೆ ನುಗ್ಗಿದ ಹುಡುಗ, ಮಾಲ್‌ನಲ್ಲಿ ಗುಂಡು ಹಾರಿಸಿದೋನು, ಇವರೇ ಕಾಣೋದು, ಅವರೂ ಹೆಚ್ಚುಕಮ್ಮಿ ಎಲ್ಲಾ ಗಂಡಸರೇ. ಆದ್ರೆ ಒಬ್ಬೊಬ್ಬರಾಗಿ ಗ್ಯಾರೇಜಲ್ಲೋ ಬೆಡ್‌ರೂಮಲ್ಲೋ ಸದ್ದಿಲ್ಲದೆ ಹೋಗ್ತಿರೋ ಗಂಡಸರ ಲೆಕ್ಕ ಯಾರೂ ಮಾತಾಡಲ್ಲ. ನನಗೆ ಅನ್ನಿಸೋದು ಇವೆರಡೂ ಬೇರೆ ಬೇರೆ ಅಲ್ಲ. ಗಂಡಸಾದೋನು ಯಾರ ಮುಂದೆಯೂ ಸೋತ ಮುಖ ತೋರಿಸಬಾರದು ಅಂತ ಚಿಕ್ಕಂದಿನಿಂದ ತಲೆಗೆ ತುಂಬಿದ್ದು ಒಬ್ಬನಲ್ಲಿ ಹೊರಗಡೆ ತಿರುಗತ್ತೆ, ಇನ್ನೊಬ್ಬನಲ್ಲಿ ಒಳಗಡೆ ತಿರುಗತ್ತೆ. ನಿಮಗೇನನ್ಸತ್ತೆ?

ಬಿದಿರುಮೆಳೆ:
ನಿಮ್ಮ ಪಕ್ಕದ್ಮನೆಯವರ ವಿಷ್ಯ ಓದಿ ಸಂಕಟ ಆಯ್ತು ಸರ್. ಆದ್ರೆ ಗಂಡಸ್ತನ, ಸಂಸ್ಕೃತಿ ಅಂತ ಹೊರಟ್ರೆ ಅಸಲು ವಿಷ್ಯ ಕೈತಪ್ಪಿ ಹೋಗತ್ತೆ ಅಂತ ನನ್ನ ಭಯ. ಗಂಡಸರು ಜಪಾನಲ್ಲೂ ಇದಾರೆ, ಅಲ್ಲೂ ಅಳಬಾರದು ತಲೆ ತಗ್ಗಿಸಬಾರದು ಅಂತಾನೇ ಬೆಳೆಸ್ತಾರೆ, ಅಲ್ಲಿ ಗನ್ ಸಾವು ಬೆರಳೆಣಿಕೆ. ಯಾಕೆ, ಗನ್ ಸಿಗಲ್ಲ. ಸ್ಮಾಲ್ ಆರ್ಮ್ಸ್ ಸರ್ವೇ ಅನ್ನೋ ಸಂಶೋಧನಾ ಸಂಸ್ಥೆಯ 2017ರ ಅಂದಾಜಲ್ಲಿ ಅಮೆರಿಕದ ಸಾಮಾನ್ಯ ಜನರ ಹತ್ರಾನೇ 39 ಕೋಟಿಗೂ ಮೇಲೆ ಗನ್ ಇವೆ, ನೂರು ಜನಕ್ಕೆ 120. ಆಸ್ಟ್ರೇಲಿಯಾ ನೋಡಿ. 1996ರ ಏಪ್ರಿಲಲ್ಲಿ ಪೋರ್ಟ್ ಆರ್ಥರಲ್ಲಿ ಒಬ್ಬ 35 ಜನರನ್ನ ಕೊಂದ, ಸರ್ಕಾರ ಕೆಲವೇ ವಾರದಲ್ಲಿ ಕಾನೂನು ಬಿಗಿ ಮಾಡ್ತು, ಜನರ ಹತ್ರ ಇದ್ದ ಸುಮಾರು ಆರೂವರೆ ಲಕ್ಷ ಗನ್ ದುಡ್ಡು ಕೊಟ್ಟು ವಾಪಸ್ ತಗೊಂಡು ನಾಶ ಮಾಡ್ತು. ಅದೇ ವರ್ಷ ಮಾರ್ಚಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೇಲಿ 16 ಪುಟ್ಟ ಮಕ್ಕಳು, ಒಬ್ರು ಟೀಚರ್ ಸತ್ರು, ಮುಂದಿನ ವರ್ಷ ಬ್ರಿಟನ್ ಕೈಬಂದೂಕನ್ನೇ ಬ್ಯಾನ್ ಮಾಡ್ತು. ಆ ದೇಶದ ಗಂಡಸರನ್ನ ಯಾರೂ ಕೂರಿಸಿ ಪಾಠ ಹೇಳಲಿಲ್ಲ, ಗನ್ ಕೈಗೆ ಸಿಗದ ಹಾಗೆ ಮಾಡಿದ್ರು ಅಷ್ಟೆ.

ಕೆರೆದಂಡೆ:
ಒಪ್ತೀನಿ, ಗನ್ ಇಲ್ದೇ ಇದ್ರೆ ಈ ಚರ್ಚೆಯೇ ಇಲ್ಲ. ಆದ್ರೆ ಅದೇ ಗನ್ ಅದೇ ಮನೇಲಿ ಇದ್ದಾಗ ಹೆಂಗಸಿಗೂ ಕೈಗೆಟಕತ್ತೆ ಅಲ್ವಾ, ಟ್ರಿಗರ್ ಒತ್ತೋಕೆ ತೋಳ್ಬಲ ಏನೂ ಬೇಕಾಗಲ್ಲ. ಆದ್ರೂ ಯಾಕೆ ಗಂಡಸೇ? ನನ್ನ ಪ್ರಶ್ನೆ ಅದು.

ತೇಲುಮೋಡ:
ನಾನು ಟೆಕ್ಸಾಸಲ್ಲಿರೋನು, ನನ್ನ ಹತ್ರ ಎರಡು ಗನ್ ಇದೆ, ಬೀಗ ಹಾಕಿಡ್ತೀನಿ, ತಿಂಗಳಿಗೊಂದ್ಸಲ ಗುರಿ ಅಭ್ಯಾಸಕ್ಕೆ ರೇಂಜಿಗೆ ಹೋಗ್ತೀನಿ, ಯಾರ ಮೇಲೂ ಇವತ್ತಿನವರೆಗೆ ದನಿ ಏರಿಸಿದೋನಲ್ಲ. ಗನ್ ಅಂದ ಕೂಡ್ಲೇ ಮೀಸೆ ತಿರುವೋ ಕೊಲೆಗಾರ ಅನ್ನೋ ಥರ ಬರೆಯೋದು ಬೇಜಾರಾಗತ್ತೆ. ಇಲ್ಲಿ ಕೋಟ್ಯಂತರ ಜನ ಗನ್ ಇಟ್ಕೊಂಡಿದಾರೆ, 2023ರಲ್ಲಿ ಪ್ಯೂ ರಿಸರ್ಚ್‌ನವರು ಗನ್ ಇರೋರನ್ನ ಕೇಳಿದಾಗ ನೂರಕ್ಕೆ 72 ಜನ ರಕ್ಷಣೆಯೇ ಮುಖ್ಯ ಕಾರಣಗಳಲ್ಲೊಂದು ಅಂದಿದಾರೆ. ಹೆಂಡ್ತಿ ಮಕ್ಕಳನ್ನ ಕಾಪಾಡಬೇಕು ಅನ್ನೋದು ಗಂಡಸಿನ ಒಳ್ಳೇ ಗುಣ ಅಲ್ವಾ, ಅದನ್ನೂ ರೋಗ ಅಂತ ಕರೀಬೇಡಿ ದಯವಿಟ್ಟು.

ಹಾಲಕ್ಕಿ:
ತೇಲುಮೋಡ ಅವರೇ, ನಿಮ್ಮನ್ನ ಯಾರೂ ಕೊಲೆಗಾರ ಅಂದಿಲ್ಲ. ನಾನು ದೊಡ್ಡ ಊರಿನ ಒಂದು ಆಸ್ಪತ್ರೆ ಎಮರ್ಜೆನ್ಸಿಯಲ್ಲಿ ನರ್ಸು, ಹನ್ನೊಂದು ವರ್ಷ ಆಯ್ತು. ನಾನು ನೋಡಿದ್ದು ಹೇಳ್ತೀನಿ. ಗುಂಡೇಟು ತಿಂದು ಬರೋ ಹುಡುಗರು, ಹದಿನಾರು ಹದಿನೆಂಟು ಇಪ್ಪತ್ತು ವಯಸ್ಸು, ಅವರ ಜಗಳದ ಕಾರಣ ಕೇಳಿದ್ರೆ ಕಣ್ಣಲ್ಲಿ ನೀರು ಬರತ್ತೆ. ಶೂ ತುಳಿದ. ಗುರಾಯಿಸಿ ನೋಡಿದ. ಲೈವಲ್ಲಿ ನನ್ನ ಬಗ್ಗೆ ಏನೋ ಅಂದ. ಒಬ್ಬ ಹುಡುಗನ ಬಟ್ಟೆ ಕತ್ತರಿಸಿ ತೆಗೀತಿದ್ದೆ, ತೊಡೇಲಿ ರಕ್ತ ನಿಲ್ತಿಲ್ಲ, ಅವನು ನನ್ನ ಮಣಿಕಟ್ಟು ಹಿಡಿದು "ನನ್ನ ಫೋನ್ ಕೊಡಿ, ಅವರು ಏನು ಪೋಸ್ಟ್ ಮಾಡಿದ್ರೋ ನೋಡ್ಬೇಕು" ಅಂತಿದಾನೆ. ನೋವಿಗೆ ಅಳಲಿಲ್ಲ. ಅಮ್ಮ ಬಂದು ಹಣೆ ಮೇಲೆ ಕೈ ಇಟ್ಟ ಮೇಲೆ ಅತ್ತ, ಅದೂ ಗೆಳೆಯರು ಹೊರಗೆ ಹೋಗಿದಾರಾ ಅಂತ ನೋಡ್ಕೊಂಡು ಅತ್ತ. ಆ ವಯಸ್ಸಿಗೆ ಜೀವಕ್ಕಿಂತ ನಾಲ್ಕು ಜನ ಏನಂತಾರೆ ಅನ್ನೋದು ದೊಡ್ಡದಾಗಿ ಹೋಗಿರತ್ತೆ, ಆ ಬೀದೀಲಿ ಒಂದ್ಸಲ ಹೆದರಿದ ಅಂತ ಹೆಸರು ಬಂದ್ರೆ ಮುಂದೆ ಎಲ್ಲರೂ ಅವನ ಮೇಲೆ ಬೀಳ್ತಾರೆ, ಅದೂ ನಿಜಾನೇ, ಅವನ ಭಯ ಸುಳ್ಳಲ್ಲ.

ಇನ್ನೊಂದು ಕಾಪಾಡೋ ವಿಷ್ಯ. ಮನೇಲಿ ಹೊಡೆಯೋ ಗಂಡ ಇದ್ದು ಅವನ ಕೈಗೆ ಗನ್ ಸಿಗೋ ಹಾಗಿದ್ರೆ ಹೆಂಡತಿ ಕೊಲೆಯಾಗೋ ಅಪಾಯ ಸುಮಾರು ಐದು ಪಟ್ಟು ಹೆಚ್ಚು ಅಂತ 2003ರಲ್ಲೇ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಅವರ ತಂಡ ಅಮೆರಿಕದ ಹಲವು ನಗರಗಳಲ್ಲಿ ನೋಡಿ ಹೇಳಿದೆ. ಹೆಂಗಸು ಬಿಟ್ಟು ಹೊರಡೋ ಹೊತ್ತೇ ಅತಿ ಅಪಾಯದ್ದು. "ನನ್ನನ್ನ ಬಿಟ್ಟು ಹೋಗ್ತಾಳಾ" ಅನ್ನೋದು ಕೆಲವರಿಗೆ ದುಃಖ ಆಗಲ್ಲ, ಅವಮಾನ ಆಗತ್ತೆ. ದುಃಖ ಆಗಿದ್ರೆ ಅತ್ತು ಮುಗೀತಿತ್ತು. 1989ರ ಡಿಸೆಂಬರಲ್ಲಿ ಮಾಂಟ್ರಿಯಲ್ ಇಂಜಿನಿಯರಿಂಗ್ ಕಾಲೇಜಲ್ಲಿ ಒಬ್ಬ ಕ್ಲಾಸಿಗೆ ನುಗ್ಗಿ ಗಂಡು ಹುಡುಗರನ್ನ ಹೊರಗೆ ಕಳಿಸಿ ಹೆಣ್ಣುಮಕ್ಕಳ ಮೇಲೆ ಗುಂಡು ಹಾರಿಸಿದ, ಆ ದಿನ 14 ಹೆಣ್ಣುಮಕ್ಕಳು ಹೋದ್ರು. ಅವನ ಸಿಟ್ಟು ಇದ್ದಿದ್ದು ಇವರು ನನ್ನ ಜಾಗ ತಗೊಂಡ್ರು ಅಂತ.

ಗುಬ್ಬಿಗೂಡು:
ಹಾಲಕ್ಕಿ ಅಕ್ಕ ಹೇಳಿದ ಅವಮಾನದ ವಿಷ್ಯಕ್ಕೆ ಒಂದು ಪ್ರಯೋಗ ನೆನಪಾಯ್ತು, ನಾನು ಸೈಕಾಲಜಿ ಓದಿದೋನು. ರಿಚರ್ಡ್ ನಿಸ್ಬೆಟ್, ಡವ್ ಕೋಹೆನ್ ಅಂತ ಇಬ್ಬರು 1990ರ ದಶಕದಲ್ಲಿ ಮಿಶಿಗನ್ ಯೂನಿವರ್ಸಿಟೀಲಿ ಮಾಡಿದ್ದು. ಗಂಡು ಹುಡುಗರನ್ನ ಒಬ್ಬೊಬ್ಬರಾಗಿ ಒಂದು ಇಕ್ಕಟ್ಟಾದ ಕಾರಿಡಾರಲ್ಲಿ ನಡೆಸ್ತಾರೆ, ಅಲ್ಲಿ ಇವರದೇ ಒಬ್ಬ ಬೇಕಂತ ಭುಜ ತಾಗಿಸಿ ಒಂದು ಕೆಟ್ಟ ಮಾತು ಬೈದು ಹೋಗ್ತಾನೆ. ಉತ್ತರದ ರಾಜ್ಯಗಳಲ್ಲಿ ಬೆಳೆದ ಹುಡುಗರು ಹೆಚ್ಚಾಗಿ ಏನಿವನು ಅಂತ ನಕ್ಕು ಸುಮ್ಮನಾದ್ರು, ದಕ್ಷಿಣದಲ್ಲಿ ಬೆಳೆದೋರ ಎಂಜಲು ಪರೀಕ್ಷೆ ಮಾಡಿದ್ರೆ ಒತ್ತಡದ ಹಾರ್ಮೋನೂ ಟೆಸ್ಟೊಸ್ಟೆರೋನೂ ಏರಿತ್ತು. ಆಮೇಲೆ ಅದೇ ಕಾರಿಡಾರಲ್ಲಿ ಎದುರಿಂದ ಇನ್ನೊಬ್ಬ ದಢೂತಿ ಮನುಷ್ಯ ನಡ್ಕೊಂಡು ಬರ್ತಾನೆ, ಎಷ್ಟು ದೂರದಲ್ಲಿ ದಾರಿ ಬಿಡ್ತಾರೆ ಅಂತ ನೋಡೋಕೆ. ಬೈಸ್ಕೊಂಡ ದಕ್ಷಿಣದ ಹುಡುಗರು ಹತ್ತಿರ ಹತ್ತಿರ ಬಂದು ಮೂರಡಿ ಉಳಿಯೋವರೆಗೂ ದಾರಿ ಬಿಡಲಿಲ್ಲ. ಬೈಸ್ಕೊಳ್ಳದ ದಕ್ಷಿಣದ ಹುಡುಗರೋ, ಎಲ್ಲರಿಗಿಂತ ಮೊದಲೇ ಪಕ್ಕಕ್ಕೆ ಸರಿದು ಮರ್ಯಾದೆ ಕೊಟ್ಟರು. ನನಗೆ ಇದೇ ಭಾಗ ತುಂಬಾ ಕಾಡೋದು, ಅಂದ್ರೆ ಇವರು ಒರಟು ಜನ ಅಲ್ಲ, ಮರ್ಯಾದೆ ಕೊಡೋದೂ ಅಷ್ಟೇ ಜೋರು, ಮರ್ಯಾದೆ ಹೋದಾಗ ಸಿಟ್ಟೂ ಅಷ್ಟೇ ಜೋರು. ಅವರು ಕೊಟ್ಟ ಕಾರಣ ಏನಂದ್ರೆ ಆ ಕಡೆ ಬಂದು ನೆಲೆಸಿದೋರಲ್ಲಿ ದನ ಕುರಿ ಕಾಯೋ ಜನ ಹೆಚ್ಚಿದ್ರು, ಒಂದು ರಾತ್ರೀಲಿ ಇಡೀ ಹಿಂಡು ಕದ್ದುಕೊಂಡು ಹೋಗಬೋದು, ಪೊಲೀಸು ಕೋರ್ಟು ದೂರ, ಹಾಗಾಗಿ ಇವನ ತಂಟೆಗೆ ಹೋದ್ರೆ ಬಿಡಲ್ಲ ಅನ್ನೋ ಹೆಸರೇ ಬೇಲಿ. ಕುರಿ ಹೋಯ್ತು, ಬೇಲಿ ಉಳೀತು.

ಇದನ್ನ ಕಂಪನಿಗಳು ಚೆನ್ನಾಗಿ ಬಲ್ಲವು. ಬುಷ್‌ಮಾಸ್ಟರ್ ಅಂತ ಒಂದು ರೈಫಲ್ ಬ್ರಾಂಡ್, ಅದರ ಜಾಹೀರಾತಲ್ಲಿ ರೈಫಲ್ ಚಿತ್ರ ಹಾಕಿ ನಿನ್ನ ಗಂಡಸ್ತನದ ಕಾರ್ಡು ವಾಪಸ್ ಸಿಕ್ಕಿತು ಅಂದ್ಕೋ ಅನ್ನೋ ಅರ್ಥದ ಮಾತು ಬರೆದಿದ್ರು. ಅದೇ ಬ್ರಾಂಡಿನ ರೈಫಲ್ ಹಿಡ್ಕೊಂಡು 2012ರ ಡಿಸೆಂಬರ್ 14ಕ್ಕೆ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೇಲಿ ಒಬ್ಬ ಇಪ್ಪತ್ತು ವರ್ಷದ ಹುಡುಗ 20 ಮಕ್ಕಳನ್ನ, 6 ದೊಡ್ಡೋರನ್ನ ಕೊಂದ. ಅದಕ್ಕೂ ಮುಂಚೆ ಮನೇಲಿ ಸ್ವಂತ ಅಮ್ಮನನ್ನ ಕೊಂದು ಬಂದಿದ್ದ, ಆ ರೈಫಲ್ ಕೊಂಡಿದ್ದೂ ಆ ಅಮ್ಮಾನೇ. 2005ರ ಒಂದು ಕೇಂದ್ರ ಕಾನೂನು ಗನ್ ಕಂಪನಿಗಳ ಮೇಲೆ ಕೇಸ್ ಹಾಕೋದನ್ನ ಹೆಚ್ಚುಕಮ್ಮಿ ತಡೆದಿದೆ, ಆದ್ರೂ ಒಂಬತ್ತು ಕುಟುಂಬದೋರು ಬಿಡದೆ ಜಾಹೀರಾತಿನ ದಾರಿ ಹಿಡಿದ್ರು, ನೀವು ಇದನ್ನ ಮಾರಿದ ರೀತಿಯೇ ತಪ್ಪು ಅಂತ. 2022ರ ಫೆಬ್ರವರೀಲಿ 7 ಕೋಟಿ 30 ಲಕ್ಷ ಡಾಲರ್‌ಗೆ ಬುಷ್‌ಮಾಸ್ಟರ್ ತಯಾರಿಸ್ತಿದ್ದ ರೆಮಿಂಗ್ಟನ್ ಕಂಪನಿ ಕಡೆಯೋರು ರಾಜಿ ಆದ್ರು. ಆ ಅಪ್ಪ ಅಮ್ಮಂದಿರು ದುಡ್ಡಿನ ಜೊತೆಗೆ ಕಂಪನಿಯ ಒಳಗಿನ ಕಾಗದಪತ್ರ ಹೊರಗೆ ಹಾಕೋ ಹಕ್ಕನ್ನೂ ಬಿಡದೆ ತಗೊಂಡ್ರು.

ಮಣ್ಣಹಾದಿ:
ಸಿನಿಮಾ ವಿಡಿಯೋ ಗೇಮ್ ಬಗ್ಗೆ ಯಾರೂ ಹೇಳಲಿಲ್ವಲ್ಲ? ದಿನಾ ಅದನ್ನೇ ನೋಡಿದ್ರೆ ಹುಡುಗರ ತಲೆ ಕೆಡಲ್ವಾ

ಗುಬ್ಬಿಗೂಡು:
ಗೇಮ್ ಕೊರಿಯಾದಲ್ಲೂ ಜಪಾನಲ್ಲೂ ಅಷ್ಟೇ ಆಡ್ತಾರೆ, ಗೇಮೊಂದರಿಂದಲೇ ಆಗೋದಾಗಿದ್ರೆ ಅಲ್ಲೂ ಕಾಣಬೇಕಿತ್ತು. ಆದ್ರೆ ಹೀರೋ ಅಂದ್ರೆ ಕಡೇ ಮಾತು ಗನ್ನಿಂದ ಆಡೋನು ಅನ್ನೋ ಕಥೆ ಸಾವಿರ ಸಲ ಕೇಳಿದ್ರೆ ಮನಸ್ಸಲ್ಲಿ ಕೂರತ್ತೆ, ಅಷ್ಟು ಒಪ್ತೀನಿ.

ತೇಲುಮೋಡ:
ಎರಡು ದಿನ ಏನೂ ಬರೀಲಿಲ್ಲ, ಎಲ್ಲ ಓದಿದೆ. ಒಂದು ಹೇಳಬೇಕು ಅನ್ನಿಸ್ತು, ಇಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದೀನಿ. ಮೊದಲನೇ ಗನ್ ನಾನು ಆಸೆಯಿಂದ ಕೊಂಡಿದ್ದು, ರೇಂಜಿಗೆ ಅಂತ. ಎರಡನೇದು ಕೆಲಸ ಹೋದ ವಾರ ಕೊಂಡಿದ್ದು. ಆ ಹೊತ್ತಿಗೆ ಏರಿಯಾದಲ್ಲಿ ಕಳ್ಳತನ ಏನೂ ಆಗಿರಲಿಲ್ಲ. ಹೆಂಡ್ತಿಗೆ ಕೆಲಸ ಹೋಗಿದ್ದು ಹೇಳಿರಲಿಲ್ಲ, ಬೆಳಗ್ಗೆ ಎಂದಿನ ಹಾಗೆ ಬ್ಯಾಗ್ ಹಾಕ್ಕೊಂಡು ಹೊರಟು ಪಾರ್ಕಿಂಗ್ ಲಾಟಲ್ಲಿ ಕಾರೊಳಗೆ ಕೂತಿರ್ತಿದ್ದೆ, ಅಂಥ ಒಂದು ದಿನ ಹೋಗಿ ತಗೊಂಡೆ. ಕೌಂಟರಲ್ಲಿ ಆ ಭಾರ ಕೈಗೆ ಬಂದಾಗ ಬೆನ್ನು ನೆಟ್ಟಗಾಯ್ತು, ಸುಳ್ಳು ಹೇಳಲ್ಲ. ಸಂಬಳ ತರೋಕಾಗದೇ ಇದ್ರೂ ಮನೆ ಕಾಯೋನು ನಾನೇ ಅನ್ನೋ ಥರ ಏನೋ ಒಂದು. ಅವತ್ತು ಅದನ್ನ ರಕ್ಷಣೆ ಅಂದ್ಕೊಂಡಿದ್ದೆ. ಮೊನ್ನೆ ಆ 72 ಅನ್ನೋ ಅಂಕಿ ನಾನೇ ಇಲ್ಲಿ ಹಾಕಿದ್ನಲ್ಲ, ನನ್ನನ್ನ ಕೇಳಿದ್ರೂ ರಕ್ಷಣೆ ಅಂತಾನೇ ಹೇಳಿರ್ತಿದ್ದೆ. ಯಾರಿಂದ ಯಾರ ರಕ್ಷಣೆ ಅಂತ ಕೇಳೋರಿರಲಿಲ್ಲ.

ಹಾಲಕ್ಕಿ:
ತೇಲುಮೋಡ ಅಣ್ಣ, ಬರೆದಿದ್ದಕ್ಕೆ ಕೈ ಮುಗೀತೀನಿ. ಈಗ ಮನೇಲಿ ಗೊತ್ತಾ? ಹೇಗಿದೀರಿ?

ತೇಲುಮೋಡ:
ಗೊತ್ತು. ಆರು ವಾರದ ಮೇಲೆ ಹೇಳಿದೆ, ಅವಳಿಗೆ ಮೊದಲನೇ ವಾರಾನೇ ಗೊತ್ತಾಗಿತ್ತಂತೆ, ನಾನೇ ಹೇಳ್ಲಿ ಅಂತ ಕಾಯ್ತಿದ್ಲಂತೆ. ಈಗ ಕೆಲಸ ಇದೆ, ಚೆನ್ನಾಗಿದೀನಿ. ಗನ್ನೂ ಇದೆ, ಅದನ್ನೇನು ಮಾಡೋದು ಇನ್ನೂ ತೀರ್ಮಾನ ಮಾಡಿಲ್ಲ.

ಅಳಿಲುಸೇವೆ:
ನಾನು ಶಾಲೆಯ ಕೌನ್ಸಿಲರ್, ಶಿಕಾಗೋ ಕಡೆ. ಅಲ್ಲಿ ಬಿಕಮಿಂಗ್ ಎ ಮ್ಯಾನ್ ಅಂತ ಒಂದು ಕಾರ್ಯಕ್ರಮ ಇದೆ, ಹೈಸ್ಕೂಲ್ ಗಂಡು ಹುಡುಗರನ್ನ ವಾರಕ್ಕೊಂದ್ಸಲ ವೃತ್ತವಾಗಿ ಕೂರಿಸಿ ಮಾತಾಡ್ಸೋದು. ಅದರಲ್ಲಿ ಶುರುವಿನ ಆಟ ಒಂದು ಹೇಳ್ತೀನಿ. ಇಬ್ಬಿಬ್ಬರ ಜೋಡಿ, ಒಬ್ಬನ ಮುಷ್ಟೀಲಿ ಒಂದು ಚೆಂಡು, ಇನ್ನೊಬ್ಬನಿಗೆ 30 ಸೆಕೆಂಡ್ ಟೈಮು, ಚೆಂಡು ತಗೋ ಅಂತ ಹೇಳ್ತಾರೆ. ಹುಡುಗರು ಕೈ ತಿರುಚ್ತಾರೆ, ನೆಲಕ್ಕೆ ಬೀಳ್ತಾರೆ, ಹೊರಳಾಡ್ತಾರೆ. ಟೈಮ್ ಮುಗಿದ ಮೇಲೆ ಕೇಳ್ತಾರೆ, ಯಾಕಪ್ಪಾ ಒಬ್ಬನೂ ಚೆಂಡು ಕೊಡು ಅಂತ ಬಾಯಿಬಿಟ್ಟು ಕೇಳಲಿಲ್ಲ? ಹುಡುಗರು ಹೇಳೋದು, ಕೇಳಿದ್ರೆ ನನ್ನನ್ನ ಪುಕ್ಕಲ ಅಂದ್ಕೊಳ್ತಿದ್ದ. ಆಗ ಮುಷ್ಟಿ ಕಟ್ಟಿದ್ದೋನನ್ನ ಕೇಳ್ತಾರೆ, ಕೇಳಿದ್ರೆ ಏನು ಮಾಡ್ತಿದ್ದೆ? ಕೊಡ್ತಿದ್ದೆ, ಬರೀ ಚೆಂಡು ತಾನೇ ಅಂತಾನೆ.

ಶಿಕಾಗೋ ಯೂನಿವರ್ಸಿಟಿಯ ಕ್ರೈಮ್ ಲ್ಯಾಬ್ ಅನ್ನೋ ಸಂಶೋಧನಾ ತಂಡ ಚೀಟಿ ಎತ್ತಿ ಹುಡುಗರನ್ನ ಆರಿಸಿ ಎರಡು ಸಲ ಲೆಕ್ಕ ಹಾಕ್ತು, ಕಾರ್ಯಕ್ರಮ ನಡೀತಿರೋ ಹೊತ್ತಲ್ಲಿ ಹಿಂಸೆಯ ಕೇಸಿಗೆ ಅರೆಸ್ಟ್ ಆಗೋದು 45ರಿಂದ 50 ಪರ್ಸೆಂಟ್ ಕಮ್ಮಿ ಆಗಿತ್ತು. ಪೂರ್ತಿ ಸತ್ಯ ಹೇಳಬೇಕಂದ್ರೆ ಮೊದಲನೇ ಸಲದ ಲೆಕ್ಕದಲ್ಲಿ ಕಾರ್ಯಕ್ರಮ ನಿಂತ ಮೇಲೆ ಆ ಇಳಿಕೆ ಉಳೀಲಿಲ್ಲ. ಅಂದ್ರೆ ಒಂದು ವರ್ಷ ಕೂರಿಸಿ ಬಿಟ್ಟುಬಿಟ್ರೆ ಬೀದಿ ಮತ್ತೆ ತನ್ನ ಪಾಠ ಹೇಳತ್ತೆ. ಇದಕ್ಕೆ ದುಡ್ಡು ಕೇಳಿದಾಗಲೆಲ್ಲ ಒಂದೇ ವರ್ಷಕ್ಕೆ ಕೊಡ್ತಾರೆ, ನನಗೆ ಅದೇ ಹೊಟ್ಟೆಗೆ ಬೆಂಕಿ ಬೀಳೋ ವಿಷ್ಯ.

ಬಿದಿರುಮೆಳೆ:
ನಾನು ಗನ್ ಒಂದೇ ಕಾರಣ ಅಂತ ಶುರು ಮಾಡಿದ್ದೆ. ಈಗ್ಲೂ ಕೈಗೆ ಸಿಗದ ಹಾಗೆ ಮಾಡೋದೇ ಮೊದಲ ಕೆಲಸ ಅಂತೀನಿ. ಇಸ್ರೇಲ್ ಸೈನ್ಯ 2006ರಲ್ಲಿ ವಾರಾಂತ್ಯಕ್ಕೆ ಮನೆಗೆ ಹೋಗೋ ಸೈನಿಕರಿಗೆ ಗನ್ ಬೇಸಲ್ಲೇ ಬಿಟ್ಟು ಹೋಗಿ ಅಂತು, ಆತ್ಮಹತ್ಯೆ 40 ಪರ್ಸೆಂಟ್ ಇಳೀತು. ಅದೇ ಹುಡುಗರು, ಅದೇ ಸೈನ್ಯ, ಅದೇ ಒತ್ತಡ. ಇಳಿದಿದ್ದು ಬಹುಪಾಲು ವಾರಾಂತ್ಯದ್ದೇ.

ಆದ್ರೆ ಅಮೆರಿಕದಲ್ಲಿ ಕಾನೂನು ಬರೋಕೆ ಕಾಯ್ತಾ ಕೂತ್ರೆ ಎಷ್ಟು ಜನ ಹೋಗ್ತಾರೆ. ಹುಡುಕ್ತಾ ಹೋದಾಗ ನ್ಯೂ ಹ್ಯಾಂಪ್‌ಶೈರ್ ವಿಷ್ಯ ಸಿಕ್ತು. 2009ರಲ್ಲಿ ಅಲ್ಲಿ ಒಂದೇ ಗನ್ ಅಂಗಡೀಲಿ ಒಂದು ವಾರದೊಳಗೆ ಮೂರು ಜನ, ಒಬ್ಬರಿಗೊಬ್ಬರು ಸಂಬಂಧ ಇಲ್ದೋರು, ಗನ್ ಕೊಂಡು ಕೆಲವೇ ಗಂಟೇಲಿ ಜೀವ ತೆಗೆದುಕೊಂಡ್ರು. ಅಂಗಡಿಯವರಿಗೆ ತಡ್ಕೊಳ್ಳೋಕಾಗಲಿಲ್ಲ. ಆರೋಗ್ಯದೋರು, ಗನ್ ಮಾರೋರು, ಗನ್ ಹಕ್ಕಿನ ಪರ ಇರೋರು ಎಲ್ಲಾ ಒಂದೇ ಮೇಜಿಗೆ ಬಂದು ಅಂಗಡಿಗಳಲ್ಲಿ ಪೋಸ್ಟರ್ ಹಾಕಿದ್ರು, ಗಿರಾಕಿ ಕಳವಳದಲ್ಲಿದ್ರೆ ಇವತ್ತು ಮಾರೋದು ಬೇಡ ಅಂತ ಸಲಹೆ ಕೊಟ್ಟರು, ಸ್ನೇಹಿತ ಕಷ್ಟದಲ್ಲಿದ್ರೆ ಸ್ವಲ್ಪ ದಿನ ಅವನ ಗನ್ ನೀನು ಇಟ್ಕೋ ಅಂತ ಹೇಳಿದ್ರು. ಇದನ್ನ ಡಾಕ್ಟರ್ ಹೇಳಿದ್ರೆ ಕಿವಿಗೆ ಬೀಳಲ್ಲ, ಬೇಟೆಯ ಜೊತೆಗಾರ ಹೇಳಿದ್ರೆ ಬೀಳತ್ತೆ. ಕುಡಿದೋನ ಗಾಡಿ ಕೀ ಗೆಳೆಯರು ಇಸ್ಕೊಳ್ಳಲ್ವಾ, ಹಾಗೆ. ಇದಂತೂ ಸಂಸ್ಕೃತೀನೇ ಅಲ್ವಾ, ನಾನು ಬೇಡ ಅಂದ ಮಾತು. ನಿಮ್ಮ ಕೊಲರಾಡೋದಲ್ಲೂ ಹೀಗೆ ತಾತ್ಕಾಲಿಕವಾಗಿ ಗನ್ ಇಟ್ಕೊಳ್ಳೋ ಅಂಗಡಿ, ಪೊಲೀಸ್ ಠಾಣೆಗಳ ಮ್ಯಾಪೇ 2019ರಿಂದ ಆನ್‌ಲೈನಲ್ಲಿದೆ ನೋಡಿ.

ಹಾಲಕ್ಕಿ:
ಕೆರೆದಂಡೆ ಅವರೇ, ನಿಮಗೆ ನೇರವಾಗಿ ಹೇಳ್ತೀನಿ. ಹೋಗಿ ಕೇಳಿ. ಸುತ್ತಿ ಬಳಸಿ ಬೇಡ, ಸಾಯೋ ಯೋಚನೆ ಬರ್ತಿದೆಯಾ ಅಂತಾನೇ ಕೇಳಿ. ಕೇಳಿದ್ರೆ ಇಲ್ದಿರೋ ಯೋಚನೆ ತಲೆಗೆ ಬರತ್ತೆ ಅಂತ ಎಲ್ಲರೂ ಹೆದರ್ತಾರೆ, ಹಾಗಾಗಲ್ಲ, ಉಸಿರು ಬಿಟ್ಟ ಹಾಗಾಗತ್ತೆ ಅವರಿಗೆ. ಒಂದ್ಸಲ ಪ್ರಯತ್ನ ಮಾಡಿ ಬದುಕುಳಿದೋರಲ್ಲಿ ಹತ್ತಕ್ಕೆ ಒಂಬತ್ತು ಜನ ಮುಂದೆ ಆತ್ಮಹತ್ಯೆಯಿಂದ ಸಾಯಲ್ಲ, ಆ ಕೆಟ್ಟ ಗಳಿಗೆ ದಾಟಿಸೋದೇ ದೊಡ್ಡ ಕೆಲಸ. ಗನ್ನು ಎರಡನೇ ಅವಕಾಶ ಕೊಡಲ್ಲ, ಅದಕ್ಕೇ ಅವರು ನಿಮ್ಮ ಬಾಗಿಲಿಗೆ ಬಂದಿದ್ದು. ಅಮೆರಿಕದಲ್ಲಿ 988 ಅನ್ನೋ ಆತ್ಮಹತ್ಯೆ ತಡೆ ಸಹಾಯವಾಣಿಗೆ ಯಾವ ಹೊತ್ತಲ್ಲಾದ್ರೂ ಫೋನ್ ಮಾಡಬೋದು, ಮೆಸೇಜೂ ಮಾಡಬೋದು, ಸೈನ್ಯದಲ್ಲಿದ್ದೋರಾದ್ರೆ ಫೋನ್ ಮಾಡಿ 1 ಒತ್ತಬೇಕು. ಬೇರೆಯವರ ಬಗ್ಗೆ ಚಿಂತೆ ಇದ್ರೂ ನೀವೇ ಮಾಡಿ ಕೇಳಬೋದು.

ಕೆರೆದಂಡೆ:
ಹೋಗಿದ್ದೆ. ನಿನ್ನೆ ಸಂಜೆ. ಹಾಲಕ್ಕಿ ಅವರು ಬರೆದಿದ್ದನ್ನ ಮೂರು ಸಲ ಓದ್ಕೊಂಡು ಹೋದೆ, ಆದ್ರೂ ಮೊದಲ ಇಪ್ಪತ್ತು ನಿಮಿಷ ಅವರ ಹಿಮ ತಳ್ಳೋ ಮೆಷಿನ್ನಿನ ಬೆಲ್ಟ್ ಬಗ್ಗೆ ಮಾತಾಡಿದ್ವಿ. ಆಮೇಲೆ ಕೇಳಿದೆ, ಮಾತು ತೊದಲಿತು, ಆದ್ರೂ ಕೇಳಿದೆ. ಅವರು ಸುಮಾರು ಹೊತ್ತು ಏನೂ ಹೇಳದೆ ಬೆಲ್ಟ್ ಬೆರಳಿಗೆ ಸುತ್ತಿಕೊಂಡು ಕೂತಿದ್ರು. ಆಮೇಲೆ "ಮಧ್ಯಾಹ್ನ ಮೂರರಿಂದ ಐದು ಕಷ್ಟ, ಅವಳು ಮನೆಗೆ ಬರ್ತಿದ್ದ ಹೊತ್ತು" ಅಂದ್ರು. ಗನ್ನೇ ನಿನಗೆ ಕೊಡೋಣ ಅಂದ್ಕೊಂಡೆ, ಎಷ್ಟು ದಿನ ಕೊಡಬೋದು ಕಾನೂನಲ್ಲಿ ಏನಿದೆ ಅಂತ ಸರಿ ಗೊತ್ತಾಗಲಿಲ್ಲ, ನಿನ್ನನ್ನ ತೊಂದರೆಗೆ ಸಿಕ್ಕಿಸೋದು ಬೇಡ ಅಂತ ಬೀಗದ ಕೈ ತಂದೆ ಅಂದ್ರು. ಅಂಥ ಹೊತ್ತಲ್ಲೂ ನನಗೆ ತೊಂದರೆ ಆಗಬಾರದು ಅಂತ ಯೋಚಿಸಿದಾರೆ. ಮಗನಿಗೆ ಹೇಳಿದೀರಾ ಅಂದೆ. "ಅವನು ನನ್ನನ್ನ ಹೀಗೆ ನೋಡಿಲ್ಲ" ಅಂದ್ರು. ನಾನು ನೋಡಿದೀನಲ್ಲ ಅಂದೆ, ನಕ್ಕರು.

988ಕ್ಕೆ ಇಬ್ರೂ ಕೂತು ಸ್ಪೀಕರ್ ಹಾಕಿ ಮಾತಾಡಿದ್ವಿ, ರಾತ್ರಿ ಅವರ ಜೊತೆಗೇ ಇದ್ದೆ. ಬೆಳಗ್ಗೆ ಮಗನಿಗೆ ಫೋನ್ ಮಾಡಿದ್ರು, ನಾನು ಅಡುಗೆಮನೇಲಿ ನಿಂತಿದ್ದೆ. ಮಗ ಶನಿವಾರ ಬರ್ತಿದಾನೆ, ಬಂದಾಗ ಗನ್‌ಗಳನ್ನ ಬಿದಿರುಮೆಳೆಯವರು ಹೇಳಿದ ಆ ಮ್ಯಾಪಲ್ಲಿ ಸಿಕ್ಕ ಒಂದು ಅಂಗಡೀಲಿ ಇಡೋದು ಅಂತ ಆಗಿದೆ. ಅಲ್ಲೀವರೆಗೆ ಬೀಗದ ಕೈ ನನ್ನ ಹತ್ರಾನೇ. ಬುಧವಾರ ಬೆಳಗ್ಗೆ 9ಕ್ಕೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದೀನಿ. ಮೂರರಿಂದ ಐದಕ್ಕೆ ನಾನೀಗ ಲ್ಯಾಪ್‌ಟಾಪ್ ಎತ್ಕೊಂಡು ಅವರ ಮನೇಲೇ ಕೂತು ಕೆಲಸ ಮಾಡೋದು.

ತೇಲುಮೋಡ:
ಕೆರೆದಂಡೆ ಸರ್, ಬುಧವಾರ ಆದ್ಮೇಲೆ ಇಲ್ಲಿ ಒಂದು ಸಾಲು ಹಾಕಿ. ನಾನೂ ಎರಡನೇದನ್ನ ಕೊಂಡಲ್ಲಿಗೇ ತಗೊಂಡು ಹೋಗ್ತಿದೀನಿ ಈ ವಾರ, ಹೆಂಡ್ತಿನೂ ಬರ್ತೀನಿ ಅಂದಿದಾಳೆ.